ದೂರದ ಅಂಕಿ

ಕಾರ್ಖಾನೆ ಗೇಟಿನ ಎಡಕ್ಕೆ ತೂಕದ ಮನೆ.
ಗಾಜಿನ ಕಿಟಕಿ, ಒಂದು ಸ್ಟೂಲು, ನಾನು.
ಕಬ್ಬಿನ ಗಾಡಿ ಬಂದು ನಿಂತರೆ
ಕಂಬದ ಬೋರ್ಡಿನಲ್ಲಿ ಕೆಂಪಗೆ ಅಂಕಿ ಮೂಡುತ್ತದೆ;
ನೋಡುತ್ತೇನೆ, ಬರೆಯುತ್ತೇನೆ, ಚೀಟಿ ಹರಿದು ಕೊಡುತ್ತೇನೆ.
ಹತ್ತೊಂಬತ್ತು ವರ್ಷದಿಂದ ಮಂಡ್ಯದ ಎಷ್ಟೋ ಕಬ್ಬು
ನನ್ನ ಕಣ್ಣಿನಡಿ ಹಾದೇ ಒಳಗೆ ಹೋಗಿದೆ.

ಕಾರ್ತೀಕದ ಕೊನೆಯಲ್ಲಿ ನನ್ನನ್ನೂ ತೂಗಿದರು:
ಮೇಲೆ ನೂರ ಎಪ್ಪತ್ತು, ಕೆಳಗೆ ನೂರ ನಾಲ್ಕು.
ತೋಳಿನ ಪಟ್ಟಿ ಬಿಚ್ಚುತ್ತಾ ಡಾಕ್ಟರು
"ನೀರಿಳಿಸೋ ಮಾತ್ರೆ, ಬೆಳಿಗ್ಗೆ ಒಂದು,
ಎಲ್ಲರೂ ನುಂಗೋದೇ ಇದು" ಅಂದರು.
ನಿಜವೇ. ನಮ್ಮ ಬೀದಿಯಲ್ಲಿ
ಕಾಫಿಗೆ ಮುಂಚೆ ಬಿಪಿ ಮಾತ್ರೆ ನುಂಗುವವರು ಏಳು ಮಂದಿ.

ನಾಲ್ಕನೆಯ ಬೆಳಿಗ್ಗೆ
ಕನ್ನಡಕ ಹುಡುಕದೆ ಸೂಜಿಗೆ ದಾರ ಪೋಣಿಸಿದೆ!
ಕ್ಯಾಲೆಂಡರಿನ ರಾಹುಕಾಲ, ಬೆಂಕಿಪೊಟ್ಟಣದ ಮೇಲಿನ ಇರುವೆ ಅಕ್ಷರ,
ಎಲ್ಲ ಓದಿದೆ, ಗೋಡೆಯಾಚೆಯ ಪಂಕಜಳಿಗೆ ಕೇಳುವ ಹಾಗೆ.
"ಮಾತ್ರೆ ಕಣ್ಣಿಗೂ ಹಿಡಿಸ್ತು ಕಣೆ" ಎಂದು ಬೀಗಿದೆ.
ಹತ್ತಿರದ್ದನ್ನು ಕೈಗಿಟ್ಟು
ದೂರದ್ದನ್ನು ಅದಾಗಲೇ ಒಯ್ದಿತ್ತು.

ತೂಕದ ಮನೆಯಲ್ಲಿ ಬೋರ್ಡು
ಒದ್ದೆ ಹಣೆಯ ಕುಂಕುಮದಂತೆ ಹರಡಿತ್ತು.
ಎಂಟೋ, ಮೂರೋ, ಬರೀ ಸೊನ್ನೆಯೋ.
ಸೆರಗಿನಲ್ಲಿ ಗಾಜು ಒರೆಸಿದೆ,
ಹಳೇ ಪೇಪರು ನೆನೆಸಿ ಒರೆಸಿದೆ,
ಹೊರಗೆ ಹೋಗಿ ಆಚೆ ಮಗ್ಗುಲಿಂದಲೂ ಒರೆಸಿದೆ.
ಗಾಜು ಏನು ಮಾಡೀತು?

ಹನಕೆರೆಯ ಮಂಚಯ್ಯ ನೊಗದ ಹತ್ತಿರ ನಿಂತಿದ್ದ.
"ಎಷ್ಟು ತೋರಿಸ್ತದೆ ಮಂಚಯ್ಯ?"
"ಎರಡು ಸಾವಿರದ ಮುನ್ನೂರ ಎಂಬತ್ತು, ಬರ್ಕೊಳಕ್ಕ."
ಬರೆದುಕೊಂಡೆ.

ಸಂಜೆ ಬೀದಿದೀಪಕ್ಕೆಲ್ಲ ಬಣ್ಣದ ಬಳೆ ತೊಡಿಸಿತ್ತು ಯಾರೋ.
ಹುಬ್ಬಿನೊಳಗಿಂದ ನೋವು. ವಾಂತಿ.
ಪಿತ್ತ ಅಂದರು, ಅರೆತಲೆನೋವು ಅಂದರು,
ಅತ್ತಿಗೆ "ದೃಷ್ಟಿ ಆಗದೆ" ಅಂದು ಮೆಣಸಿನಕಾಯಿ ಸುಟ್ಟಳು.
ಬೆಳಿಗ್ಗೆ ಎದ್ದು, ಮರೆಯದೆ,
ಐದನೆಯ ಮಾತ್ರೆ ನುಂಗಿದೆ.

ಮೈಸೂರಿನ ಬಸ್ಸು. ಕಣ್ಣು ಮುಚ್ಚಿಯೇ ಕೂತಿದ್ದೆ.
ಚಕ್ರದ ಸದ್ದು ಟೊಳ್ಳಾದಾಗ
ಶ್ರೀರಂಗಪಟ್ಟಣದ ಸೇತುವೆ ಎಂದುಕೊಂಡೆ,
ಹೊಳೆಗೆ ಮನಸ್ಸಿನಲ್ಲೇ ಕೈಮುಗಿದೆ.

ಕಣ್ಣಾಸ್ಪತ್ರೆಯ ಡಾಕ್ಟರು ತೀರಾ ಹುಡುಗಿ.
ಗಲ್ಲ ಊರಿಸಿ, ನೀಲಿ ಬೆಳಕು ಬಿಟ್ಟು, ಅಳೆದಳು.
"ನಲವತ್ತೆರಡು. ಎರಡೂ ಕಣ್ಣು."
ಕಣ್ಣಿಗೂ ಅದರದೇ ಬಿಪಿ ಇರುತ್ತದೆಂದು
ನನಗೆ ಆ ಕುರ್ಚಿಯಲ್ಲಿ ತಿಳಿಯಿತು.
ಆಮೇಲೆ, ಯಾರೂ ಕೇಳದ್ದನ್ನು ಅವಳು ಕೇಳಿದಳು:
"ಹೊಸದಾಗಿ ಏನಾದ್ರೂ ನುಂಗ್ತಿದ್ದೀರಾ, ಅಮ್ಮ?"

ಪರ್ಸಿನಿಂದ ಮಾತ್ರೆಯ ಹಾಳೆ ತೆಗೆದೆ.
ಐದು ತೂತು.
ಒಳಪದರ ಊದಿ, ಮಸೂರ ಮುಂದಕ್ಕೆ ಜರುಗಿ,
ನೀರು ಹೋಗುವ ಮೂಲೆ ಮುಚ್ಚಿದೆ ಅಂದಳು.
ನಾಲೆಯ ತೂಬಿಗೆ ಹುಲ್ಲು ಕಟ್ಟಿಕೊಂಡಂತೆ, ಅಂದೆ.
ನಕ್ಕಳು. "ಹಾಗೇ. ತೀರಾ ಅಪರೂಪ.
ಈ ಮಾತ್ರೆ ಬಿಡಿ. ಬಿಪಿಗೆ ಮಾತ್ರೆಯನ್ನೇ ಬಿಡಬೇಡಿ,
ಬೇರೆ ಬರೆಸಿಕೊಳ್ಳಿ. ಇದರ ಹೆಸರು ಚೀಟಿಯಲ್ಲಿಟ್ಟುಕೊಳ್ಳಿ."
ಬೈಯಲಿಕ್ಕೆ ಯಾರಾದರೂ ಸಿಗುತ್ತಾರೆಂದು ಹೋಗಿದ್ದೆ.
ಪಂಕಜಳಿಗೆ ಇದೇ ಮಾತ್ರೆ,
ಆರು ವರ್ಷದಿಂದ, ಕಲ್ಲಿನ ಹಾಗಿದ್ದಾಳೆ.

ಎಂಟನೆಯ ದಿನ ಸೂಜಿಯ ಕಣ್ಣು ಮತ್ತೆ ಮುಚ್ಚಿತು.
ದಾರ ಹಿಡಿದು, ಕನ್ನಡಕಕ್ಕಾಗಿ ತಡಕಾಡುತ್ತಾ
ಹೆಂಗಸು ಅಷ್ಟು ಖುಷಿಪಟ್ಟದ್ದುಂಟೇ!
ಬೋರ್ಡಿನಲ್ಲಿ ಎಂಟು ಎಂಟಾಗಿ, ಮೂರು ಮೂರಾಗಿ.

ಮಂಚಯ್ಯನನ್ನು ಕೇಳಿದೆ:
"ಅವತ್ತು ನೋಡೇ ಹೇಳಿದ್ಯಾ?"
ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ.
"ನಂಗೆಲ್ಲಿ ಕಂಡಾತು ಕನಕ್ಕ, ಪೊರೆ ಬಂದು ಎರಡು ವರ್ಸ.
ಓದ್ಸಲ ಎಷ್ಟಿತ್ತೋ ಅಷ್ಟೇ ಅಂದೆ."

ಪುಸ್ತಕದಲ್ಲಿ ಆ ಸಾಲು ಹಾಗೇ ಇದೆ, ನನ್ನದೇ ಸಹಿ ಕೆಳಗೆ.
ಆವತ್ತಿನ ನಿಜವಾದ ತೂಕ
ಅವನ ಎತ್ತುಗಳಿಗೆ ಗೊತ್ತಿದ್ದೀತು.

ತೂಕದ ಚೀಟಿ ತಿರುಗಿಸಿ
ಆಸ್ಪತ್ರೆಯ ಹೆಸರನ್ನು ದಪ್ಪಗೆ ಬರೆದು ಕೊಟ್ಟೆ.
"ಏನೇನು ನುಂಗ್ತೀಯೋ
ಎಲ್ಲಾನೂ ಕವರಲ್ಲಿ ಹಾಕ್ಕೊಂಡು ಹೋಗು" ಅಂದೆ.